ಬಂಗಾರ ಕೊಡ್ರಿ

"ಕೋಟು ಬಿಚ್ಚಿ," ಎಂದು ಡಾಕ್ಟರು ಎರಡನೆಯ ಸಲ ಹೇಳಿದಾಗ ದಾನಪ್ಪ ಪತ್ತಾರ ಚಳಿಯ ನೆಪ ಒಡ್ಡಿದ. ಕೋಣೆಯಲ್ಲಿ ಹೀಟರ್ ಉರಿಯುತ್ತಿತ್ತು. ಡಾಕ್ಟರರ ಹಣೆಯ ಮೇಲೇ ಬೆವರಿತ್ತು. ಆದರೂ ದಾನಪ್ಪ ಗುಂಡಿಗಳನ್ನು ಬಿಗಿಯಾಗಿ ಹಿಡಿದುಕೊಂಡು, ನೋವೇನೂ ಇಲ್ಲ, ಹೆಂಡತಿಯ ಕಾಟಕ್ಕೆ ಬಂದೆ ಎಂದ. ಡಾಕ್ಟರು ದೂರದಿಂದಲೇ ಹೆಗಲು ನೋಡಿ ಒಂದು ಮುಲಾಮು ಬರೆದುಕೊಟ್ಟರು.

ಕಾಟ ಕೊಟ್ಟವಳು ಗುರುದೇವಿ. "ಎಡಗಡೆ ಹೆಗಲು ಇಳದೈತ್ರಿ ನಿಮ್ದು. ಒಂದ ಕಡೆ ವಾಲಿದ ಚಕ್ಕಡಿ ಆಗೀರಿ ನೋಡ್ರಿ," ಎಂದು ತಿಂಗಳಿಂದ ಹೇಳುತ್ತಿದ್ದಳು. ಹೆಗಲು ವಾಲಿಸಿದ್ದು ಏನೆಂದು ಅವಳಿಗೆ ಗೊತ್ತಿರಲಿಲ್ಲ. ಕೋಟಿನೊಳಗೆ, ಎಡ ಕಂಕುಳ ಕೆಳಗೆ, ಚರ್ಮದ ಚೀಲದಲ್ಲಿ ಒಂದು ಕೆಜಿಗೂ ಮಿಕ್ಕಿ ತೂಗುವ ರಿವಾಲ್ವರ್ ಇತ್ತು. ಆರು ಗುಂಡಿನದು, ದೊಡ್ಡ ಬಾಯಿಯದು.

ಬಿಜಾಪುರದ ಪತ್ತಾರ ಓಣಿಯಿಂದ ಬಂದ ಅಕ್ಕಸಾಲಿ ದಾನಪ್ಪನಿಗೆ ಲಂಡನ್ನಿನ ಈಸ್ಟ್ ಹ್ಯಾಮ್‌ನ ಹೈ ಸ್ಟ್ರೀಟ್ ನಾರ್ತ್‌ನಲ್ಲಿ, ಸೀರೆ ಅಂಗಡಿಯೊಂದರ ಮಗ್ಗುಲಿಗೆ, ಕೈಯಗಲದ ಅಂಗಡಿಯಿತ್ತು. ಮುರಿದ ಕಿವಿಯೋಲೆ ಬೆಸೆಯುವುದು, ಬಿಗಿಯಾದ ಬಳೆ ಹಿಗ್ಗಿಸುವುದು, ಹರಿದ ಗುಂಡಿನ ಸರ ಪೋಣಿಸುವುದು ಅವನ ಕೆಲಸ. ನಾಲ್ಕು ವರ್ಷದ ಹಿಂದೆ ಅಂಗಡಿ ಮುಚ್ಚುವ ಹೊತ್ತಿಗೆ ಮುಖಕ್ಕೆ ಸ್ಕಾರ್ಫ್ ಸುತ್ತಿದ ಇಬ್ಬರು ಒಳಗೆ ಬಂದು "ಗೋಲ್ಡ್" ಎಂದಿದ್ದರು. ಅವನು ತಡಮಾಡಿದ್ದಕ್ಕೆ ಅವನದೇ ಸುತ್ತಿಗೆ ಎತ್ತಿಕೊಂಡು ಬಲಗಿವಿಯ ಮೇಲೆ ಹೊಡೆದರು. ಬಂಗಾರ ಹೋಯಿತು, ಕಿವಿಯೂ ಹೋಯಿತು. ಪೊಲೀಸರು ಬಂದು ಬರೆದುಕೊಂಡು ಹೋದರು.

ಆಮೇಲೆ ದಾನಪ್ಪ ಶೂಟಿಂಗ್ ಕ್ಲಬ್ ಸೇರಿದ. ಭಾನುವಾರ ಗುರಿಗೆ ಹೊಡೆಯಲಿಕ್ಕೆಂದು ರಿವಾಲ್ವರ್ ಇಟ್ಟುಕೊಳ್ಳಲು ಪೊಲೀಸರ ಸರ್ಟಿಫಿಕೇಟ್ ಸಿಕ್ಕಿತು. ಮನೆಯ ಕಬ್ಬಿಣದ ಕಪಾಟಿನಿಂದ ಕ್ಲಬ್ಬಿಗೆ, ಕ್ಲಬ್ಬಿನಿಂದ ಕಪಾಟಿಗೆ, ಅದೂ ಬೀಗ ಹಾಕಿದ ಪೆಟ್ಟಿಗೆಯಲ್ಲಿ. ಕಾನೂನು ಒಪ್ಪಿದ್ದು ಅಷ್ಟೇ. ಜೀವ ಉಳಿಸಿಕೊಳ್ಳಲು ಬೇಕು ಎಂದರೆ ಈ ದೇಶದಲ್ಲಿ ಅದು ಕಾರಣವೇ ಅಲ್ಲ. ಅದೆಲ್ಲ ಓದಿ ಸಹಿ ಮಾಡಿದವನು ತಿಂಗಳೊಳಗೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೆ ಹೋಗತೊಡಗಿದ. ಮೊದಲ ದಿನ ಕೈಕಾಲು ನಡುಗಿದವು. ವರ್ಷ ಕಳೆಯುವುದರೊಳಗೆ, ಅದಿಲ್ಲದೆ ಹಾಲು ತರಲು ಹೋಗುವುದಕ್ಕೂ ನಡುಗುತ್ತಿದ್ದವು.

ಡಾಕ್ಟರರ ಬಳಿ ಹೋದ ವರ್ಷದ ಮಹಾನವಮಿಗೆ ಗುರುದೇವಿ ಖಂಡೇಪೂಜೆ ಮಾಡಿದಳು. ಸುತ್ತಿಗೆ, ಚಿಮಟ, ಅರ, ತಕ್ಕಡಿ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು ಕುಂಕುಮ ಹಚ್ಚಿ ಚೆಂಡುಹೂ ಏರಿಸಿದಳು. ದಾನಪ್ಪ ಕೈಮುಗಿದು ನಿಂತಿದ್ದರೂ ಕಣ್ಣು ಗೂಟಕ್ಕೆ ತೂಗುಹಾಕಿದ ಕೋಟಿನ ಮೇಲಿತ್ತು. ಪೂಜೆಯಿಲ್ಲದೆ ಉಳಿದ ಆಯುಧ ಅದೊಂದೇ. ಅದರಿಂದ ಅವನ ಮನಸ್ಸಿಗೆ ಕಸಿವಿಸಿಯಾಯಿತು.

ಮರುದಿನ ವಿಜಯದಶಮಿ, ಸೋಮವಾರ. ಸಂಜೆ ಆರಾಗುತ್ತ ಬಂದಿತ್ತು. ದಾನಪ್ಪ ಬಾಗಿಲಿಗೆ ಬೆನ್ನು ಮಾಡಿ ಬಳೆಗಳ ತಟ್ಟೆಯನ್ನು ತಿಜೋರಿಗೆ ಇಡುತ್ತಿದ್ದ. ಬಾಗಿಲ ಗಂಟೆ ಬಲಗಿವಿಯ ಕಡೆಗಿತ್ತು, ಕೇಳಿಸಲಿಲ್ಲ. ಹತ್ತಿರದಿಂದಲೇ ಒಂದು ತಗ್ಗಿದ ದನಿ ಕೇಳಿಸಿತು.

"ಬಂಗಾರ ಕೊಡ್ರಿ."

ತಿರುಗಿದ. ತಲೆಗೆ ಹುಡ್, ಮೂಗಿನವರೆಗೆ ಸ್ಕಾರ್ಫ್, ಒಂದು ಕೈ ಜಾಕೆಟ್ಟಿನ ಒಳಗೆ. ರಿವಾಲ್ವರ್ ಯಾವಾಗ ಕೈಗೆ ಬಂತೋ ಅವನಿಗೇ ತಿಳಿಯಲಿಲ್ಲ. ಕನ್ನಡಿಯ ಮುಂದೆ ಅಷ್ಟು ಸಲ ಮಾಡಿದ್ದ. ಹೆಬ್ಬೆರಳು ರಿವಾಲ್ವರಿನ ಬೆನ್ನ ಮೇಲಿನ ಕುದುರೆಯನ್ನು ಹಿಂದಕ್ಕೆಳೆಯಿತು, ಟಕ್ ಎಂದದ್ದು ಒಳ್ಳೆಯ ಕಿವಿಗೆ ಕೇಳಿಸಿತು. ಇನ್ನು ತೋರುಬೆರಳು ಮೂಗುತಿಯ ತಿರುಪು ಸಡಿಲಿಸುವಷ್ಟು ಒತ್ತಿದರೆ ಸಾಕಿತ್ತು.

"ಕಾಕಾ," ಎಂದಿತು ಸ್ಕಾರ್ಫಿನೊಳಗಿನ ದನಿ.

ಜಾಕೆಟ್ಟಿನೊಳಗಿನ ಕೈ ಒಂದು ಲಕೋಟೆಯೊಂದಿಗೆ ಹೊರಬಂತು. ಎರಡೂ ಕೈ ಮೇಲೆದ್ದವು. ಲಕೋಟೆ ಬಿದ್ದು, ಒಣಗಿದ ಬನ್ನಿ ಎಲೆಗಳು ಕೌಂಟರಿನ ಗಾಜಿನ ಮೇಲೆ ಚೆಲ್ಲಿದವು.

"ಇಟ್ಸ್ ಓನ್ಲಿ ಲೀವ್ಸ್, ಕಾಕಾ. ಅಮ್ಮಾ ಸೆಡ್... ಅಮ್ಮಾ..."

ಸೌಜನ್ಯಾ. ಹಿಂದಿನ ರಸ್ತೆಯ ಧಾರವಾಡದ ಸುಶೀಲಾಬಾಯಿಯ ಮಗಳು, ಹತ್ತೊಂಬತ್ತರ ಹುಡುಗಿ. ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಪ್ರತಿ ದಸರೆಗೆ ಊರಿನಿಂದ ಅಂಚೆಯಲ್ಲಿ ಬರುವ ಬನ್ನಿಯನ್ನು ಸುಶೀಲಾಬಾಯಿ ತಾವೇ ತಂದು ಬಂಗಾರವೆಂದು ಕೊಡುತ್ತಿದ್ದರು. ಈ ಸಲ ಜ್ವರವೆಂದು ಮಗಳನ್ನು ಕಳಿಸಿದ್ದರು. "ಬಂಗಾರ ತಗೋರಿ, ಬಂಗಾರದ್ಹಾಂಗ ಇರೂಣು ಅನ್ನು," ಎಂದು ಹೇಳಿಕೊಟ್ಟಿದ್ದರು. ಹುಡುಗಿ ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ ಬಂದು ಬಾಗಿಲಲ್ಲಿ 'ತಗೋ' ಮರೆತು 'ಕೊಡು' ಅಂದುಬಿಟ್ಟಿದ್ದಳು. ಲಂಡನ್ನಿನಲ್ಲಿ ದರೋಡೆಗೆ ಬಂದವನು ಕನ್ನಡದಲ್ಲಿ, ಅದೂ 'ರಿ' ಹಚ್ಚಿ ಕೇಳುವುದಿಲ್ಲ ಎಂಬುದು ದಾನಪ್ಪನಿಗೆ ಹೊಳೆದದ್ದು ಎಲ್ಲ ಮುಗಿದ ಮೇಲೆ.

ಅವನು ಕುದುರೆಯನ್ನು ಮೆಲ್ಲಗೆ ಇಳಿಸಿದ. ರಿವಾಲ್ವರನ್ನು ಕೌಂಟರಿನ ಕೆಳಗೆ ಇಟ್ಟ.

"ಕೂಡು ನಮ್ಮವ್ವಾ... ನೀರು ಕುಡೀತೀ?"

ಸೌಜನ್ಯಾ ಎತ್ತಿದ ಕೈ ಇಳಿಸದೆ ಹಿಂದೆ ಹಿಂದೆ ಹೆಜ್ಜೆ ಹಾಕಿ, ಬೆನ್ನಿನಿಂದಲೇ ಬಾಗಿಲು ತಳ್ಳಿಕೊಂಡು ಹೋದಳು.

ದಾನಪ್ಪ ಯಾರಿಗೂ ಹೇಳಲಿಲ್ಲ. ಪೊಲೀಸರ ದಾರಿ ಕಾದ. ಹುಡುಗಿ ಒಂದು ಮಾತು ಆಡಿದರೆ ಜೈಲು ಖಂಡಿತ. ವಾರವಾಯಿತು, ಯಾರೂ ಬರಲಿಲ್ಲ. ದೀಪಾವಳಿಗೆ ಸುಶೀಲಾಬಾಯಿ ಚಕ್ಕುಲಿಯ ಡಬ್ಬಿ ಹಿಡಿದು ಬಂದರು. "ನಮ್ಮಾಕಿ ಬನ್ನಿ ಕೊಟ್ಟಳಲ್ರೀ? ಕನ್ನಡ ಸರಿಯಾಗಿ ಮಾತಾಡಿದಳೋ ಇಲ್ಲೋ?" ಎಂದು ಕೇಳಿದರು.

"ಚಲೋ ಮಾತಾಡಿದ್ಳ್ರಿ," ಎಂದ ದಾನಪ್ಪ.

ಅವಳು ತಾಯಿಗೂ ಹೇಳಿರಲಿಲ್ಲ. ಆದರೆ ಹೈ ಸ್ಟ್ರೀಟಿನಲ್ಲಿ ಅವನನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದಳು. ಎದುರಿಗೆ ಬಸ್ಸು ಬರುತ್ತಿದ್ದರೂ ದಾಟುತ್ತಿದ್ದಳು. ದಾನಪ್ಪನಿಗೆ ನಾಚಿಕೆಯಿಂದ ಜೀವ ಹಿಡಿಯಷ್ಟಾಗುತ್ತಿತ್ತು. ಕರೆದು ಮಾತಾಡಿಸಬೇಕೆನಿಸುತ್ತಿತ್ತು. ಏನೆಂದು ಕರೆಯುವುದು?

ದಸರೆಯ ಆ ಸಂಜೆಯಿಂದಲೇ ರಿವಾಲ್ವರ್ ಕಪಾಟು ಸೇರಿತ್ತು. ಮರುವರ್ಷ ಹೊಸ ಕಾನೂನು ಬಂತು. ದೊಡ್ಡ ಬಾಯಿಯ ಪಿಸ್ತೂಲು, ರಿವಾಲ್ವರುಗಳನ್ನೆಲ್ಲ ಸೆಪ್ಟೆಂಬರ್ ಮುಗಿಯುವುದರೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕ್ಲಬ್ಬಿನವರು ಸರಕಾರವನ್ನು ಬೈಯುತ್ತ ಕೊನೆಯ ದಿನದವರೆಗೆ ಕಾಯುವವರಿದ್ದರು. ದಾನಪ್ಪ ಜುಲೈ ಮೊದಲ ವಾರವೇ ಸ್ಟೇಷನ್ನಿನ ಸಾಲಿನಲ್ಲಿ ನಿಂತ.

ಮೇಜಿನ ಹಿಂದಿದ್ದ ವಯಸ್ಸಾದ ಅಧಿಕಾರಿ ರಿವಾಲ್ವರನ್ನು ಬೆಳಕಿಗೆ ಹಿಡಿದು ತಿರುಗಿಸಿದ. ನಳಿಗೆಯ ತುದಿಯಲ್ಲಿ, ಗುಂಡು ತುಂಬುವ ಉರುಳೆಯ ಬದಿಯಲ್ಲಿ ಕಪ್ಪು ಬಣ್ಣ ಸವೆದು ಬೆಳ್ಳಗಾಗಿತ್ತು. ಗುರಿಗೆ ಹೊಡೆದರೆ ಹಾಗೆ ಸವೆಯುವುದಿಲ್ಲ, ದಿನವೂ ಚರ್ಮದ ಚೀಲಕ್ಕೆ ಉಜ್ಜಿದರೆ ಸವೆಯುತ್ತದೆ. ಪತ್ತಾರನಿಗೆ ಅದು ಗೊತ್ತು, ಅಧಿಕಾರಿಗೂ ಗೊತ್ತು. ಅವನು ದಾನಪ್ಪನ ಎಡ ಹೆಗಲನ್ನು ಸ್ವಲ್ಪ ಹೊತ್ತು ನೋಡಿದ.

"ನಿಮ್ಮ ಕ್ಲಬ್ಬು ಮನೆಯಿಂದ ಬಹಳ ದೂರ ಅಂತ ಕಾಣುತ್ತದೆ, ಸರ್," ಎಂದು ರಸೀದಿಗೆ ಮುದ್ರೆ ಒತ್ತಿ ಮುಂದೆ ತಳ್ಳಿದ.

"ಹೆಗಲು ನೆಟ್ಟಗಾತು ನೋಡ್ರಿ. ಮುಲಾಮು ಗುಣಾ ಕೊಡ್ತು," ಎಂದು ಗುರುದೇವಿ ಸೆಪ್ಟೆಂಬರಿನಲ್ಲಿ ಮೆಚ್ಚಿಕೊಂಡಳು. ದಾನಪ್ಪ ಹೂಂ ಎಂದ.

ಮತ್ತೆ ವಿಜಯದಶಮಿ ಬಂತು, ಈ ಸಲ ಶನಿವಾರ. ದಾನಪ್ಪ ಈಗ ಕೆಲಸದ ಮೇಜನ್ನು ಬಾಗಿಲಿಗೆ ಎದುರಾಗಿ ತಿರುಗಿಸಿಕೊಂಡಿದ್ದ. ಆರು ಗಂಟೆಗೆ ತಲೆಯೆತ್ತಿದಾಗ ಗಾಜಿನಾಚೆ ಫುಟ್‌ಪಾತಿನ ಮೇಲೆ ಸೌಜನ್ಯಾ ನಿಂತಿದ್ದಳು. ಚಳಿಯಿದ್ದರೂ ಹುಡ್ ಇರಲಿಲ್ಲ, ಸ್ಕಾರ್ಫೂ ಇರಲಿಲ್ಲ. ಅವನು ನೋಡಿದನೆಂದು ಖಾತ್ರಿಯಾದ ಮೇಲೆ ಎರಡೂ ಕೈಗಳನ್ನು ಹೆಗಲಿನವರೆಗೆ ಎತ್ತಿ ಬೆರಳು ಬಿಡಿಸಿ ತೋರಿಸಿದಳು. ಬಲಗೈಯ ಎರಡು ಬೆರಳ ನಡುವೆ ಬನ್ನಿಯ ಒಣ ಕಡ್ಡಿಯಿತ್ತು.

ದಾನಪ್ಪ ಎದ್ದು ಕೌಂಟರ್ ದಾಟಿ ಬಂದ. ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಎರಡೂ ಮಗ್ಗುಲನ್ನು ಅಗಲಕ್ಕೆ ತೆರೆದು ಹಿಡಿದ. ಎಡಗಡೆ ಒಳಗಿನ ಅಸ್ತರಿ ಸವೆದು ಎಳೆ ಬಿಟ್ಟಿತ್ತು.

ಅವಳು ಗಾಜಿನಾಚೆಯಿಂದ ಅದನ್ನೇ ನೋಡುತ್ತ ನಿಂತಳು. ಆಮೇಲೆ ಮೊಣಕೈಯಿಂದ ಬಾಗಿಲು ತಳ್ಳಿ ಒಳಗೆ ಬಂದಳು.

"ಕಾಕಾ, ಬಂಗಾರ..." ಎಂದು ನಿಲ್ಲಿಸಿದಳು. ಮುಂದಿನ ಶಬ್ದಕ್ಕೆ ತುಟಿ ಅಲುಗಿಸುತ್ತಿದ್ದಳು.

ದಾನಪ್ಪ ಕೋಟು ಹಿಡಿದುಕೊಂಡೇ, ಒಳ್ಳೆಯ ಕಿವಿಯನ್ನು ಅವಳ ಕಡೆಗೆ ಮಾಡಿ ನಿಂತ.