ನೆಲ ಬಿಡದ ಹಿಮ್ಮಡಿ

ನಿನ್ನೆ ಕಳಿಸಿದ ಪಿ.ಟಿ. ವಿಡಿಯೋದಲ್ಲಿ ನನ್ನ ಕೆಮ್ಮು ಸೇರಿಬಿಟ್ಟಿದೆ, ಒಂದೇ ಒಂದು ಸಣ್ಣ ಕೆಮ್ಮು, ಒಗ್ಗರಣೆಯ ಘಾಟಿಗೆ ಬಂದದ್ದು, ಆದರೆ ಅಕ್ಕನ ಮಗಳು ಮಾಯಾಳ ತರಗತಿಯ ವಾಟ್ಸಾಪ್ ಗುಂಪಿನಲ್ಲಿರುವ ತಾಯಂದಿರೆಲ್ಲ ಕೇಳಿರುತ್ತಾರೆ, ಈ ಲಾಕ್‌ಡೌನಿನಲ್ಲಿ ಕೆಮ್ಮೆಂದರೆ ಸುಮ್ಮನೆಯೇ — ಡೈರಿಯಲ್ಲೂ ಬರೆದಿಲ್ಲ ಇದನ್ನು, ಡಿಗ್ರಿ ಮುಗಿಸಿದವಳು ತನ್ನ ದನಿಗೇ ಹೆದರುತ್ತಾಳೆಂದು ಬರೆಯುವುದು ಹೇಗೆ, ಅದಕ್ಕೇ ಇವತ್ತು ಬಾಯಿ ಬಿಗಿದು ಫೋನು ಹಿಡಿದಿದ್ದೇನೆ, ಒನ್ ಟೂ ಎನ್ನುವ ಬದಲು ಫೋನಿನ ಹಿಂದಿನಿಂದ ಬೆರಳೆತ್ತುತ್ತೇನೆ, ಮಾಯಾ ಬೆರಳು ನೋಡಿ ಜಿಗಿಯಬೇಕು, ಜಿಗಿಯುತ್ತಾಳೆ, ಕೈ ಮೇಲೆ, ಮಂಡಿ ಕೆಳಗೆ, ಹಿಮ್ಮಡಿ ಮಾತ್ರ ನೆಲ ಬಿಡುವುದಿಲ್ಲ, ಥೋ, ಇದೆಂಥ ಜಿಗಿತ, ಕಲಿಸಿದ್ದು ಯಾರು, ಅವ್ವನೇ, ಭಾಲ್ಕಿಯ ಈ ಬಾಡಿಗೆ ಮಹಡಿಗೆ ಮಾಯಾ ಬಂದ ದಿನವೇ, ಅಕ್ಕ ಬೀದರಿನ ದವಾಖಾನೆಯಲ್ಲಿ ನರ್ಸು, ಕರೋನಾ ವಾರ್ಡು, ಮಗಳನ್ನು ಬಾಗಿಲಲ್ಲಿ ಬಿಟ್ಟು ಮುಟ್ಟದೆಯೇ ಹೋದಳು, ಅವಳ ಸ್ಕೂಟಿ ಓಣಿ ದಾಟುವ ಮೊದಲೇ ಅವ್ವ ಶುರು, ಸಪ್ಪಳ ಮಾಡಬ್ಯಾಡ ಪೋರಿ, ಕೆಳಗ ಮನಿ ಮಾಲಕರು ಬೀಮಾರ ಬಿದ್ದು ಹಾಸಿಗಿ ಹಿಡದಾರ, ಕುಣದಿ ಅಂದ್ರ ಮನಿ ಬಿಡಸ್ತಾರ ನಮಗ. ಮೇಲಿನ ತಾರಸಿಗೆ, ಛತ್ತಿಗೆ, ಕಳಿಸೋಣವೆಂದರೆ ಛತ್ತಿನ ತುಂಬ ಅವ್ವನ ಸಂಡಿಗೆ, ಓಣಿಗಿಳಿದರೆ ಪೊಲೀಸರ ಲಾಠಿ, ಹಂಗಾದ್ರ ಎಲ್ಲಿ ಜಿಗಿಬೇಕವ್ವಾ, ಗ್ವಾಡಿ ಮ್ಯಾಲೇನು — ಮನಸ್ಸಿನಲ್ಲೇ ಹೇಳಿದೆ, ಎಲ್ಲವೂ ಮನಸ್ಸಿನಲ್ಲೇ.

ಮೊನ್ನೆ ನೀರು ಹಿಡಿಯುವಾಗ ಮಾಲಕರ ಹೆಂಡತಿ ಅಜೀಜಾ ಬೇಗಂ ತಾವಾಗಿಯೇ ಕೇಳಿದರು, ನಿಮ್ಮ ಪೋರಿ ಊರಿಗಿ ಹೋಯ್ತೇನು ಬೇಟಾ, ಸಪ್ಪಳೇ ಇಲ್ಲ, ಸಾಹೇಬರು ಮಲ್ಕೊಂಡಲ್ಲೇ ಕೇಳ್ತಾರ, ಮ್ಯಾಲ ಮಂದಿ ಅದಾರೋ ಭೂತ ಅದಾವೋ ಅಂತ, ನಕ್ಕರು, ನಾನು ತಲೆ ತಗ್ಗಿಸಿ ಕೊಡ ಎತ್ತಿಕೊಂಡು ಬಂದೆ, ಅವ್ವನ ಕಿವಿಗೆ ಹಾಕಿದರೆ, ಅಕಿ ಬಾಯಿ ಮಾತಿಗಿ ಹಂಗಂತಾಳ, ನಾವೇ ತಿಳಕೊಂಡು ಇರಬೇಕು, ತಿಳಿದುಕೊಂಡೇ ಇದ್ದೇವಲ್ಲ, ಹೋದ ದೀಪಾವಳಿಗೆ ಹಳ್ಳಿಯಲ್ಲಿ, ಚಿಂತಾಕಿಯಲ್ಲಿ, ಮಾಯಾಳ ಇದೇ ಹಿಮ್ಮಡಿ ತೊಗರಿ ಹೊಲದ ಮಣ್ಣು ಮೆತ್ತಿ ಕಪ್ಪಗಿತ್ತು, ಕುರಿಮರಿಯ ಹಿಂದೆ ಓಡಿ ಓಡಿ, ಈಗ ಉಂಡಿ ಕಟ್ಟಿದ ಹಿಟ್ಟಿನಂತೆ ಬಿಳಿ, ಮೆತ್ತಗೆ, ನಿನ್ನೆ ಛತ್ತಿನ ಮೆಟ್ಟಿಲಿನ ಅರ್ಧಕ್ಕೇ ಕೂತು ನನಗೆ ಹೇಳಿದಳು, ಮೌಶಿ, ಎದಿ ಢಕ್ ಢಕ್ ಅನ್ಲಿಕತ್ತದ, ಏಳು ವರ್ಷದ ಎದೆ, ಸೊರಗ್ಯಾಳ ಅಂತ ಅವ್ವ ತುಪ್ಪದ ರೊಟ್ಟಿ ಕೈಗಿಟ್ಟಳು, ಮತ್ತೆ ತುಪ್ಪ, ಯಾವಾಗಲೂ ತುಪ್ಪ. ವಿಡಿಯೋ ನೋಡಿ ಅಕ್ಕನೋ ಫೋನಿನಲ್ಲಿ, ನನ್ನ ಮಗಳು ಎಷ್ಟು ಚೊಲೋ ಜಿಗಿತಾಳ, ಅದು ನೋಡೇ ನಾ ವಾರ್ಡಿನ ಪಿಪಿಇ ಕಿಟ್ ಹಾಕ್ಕೋತೇನಿ, ಪಿ.ಟಿ. ಸರ್ ದಿನಾ ಗುಂಪಿನಲ್ಲಿ ಮೆಚ್ಚುಗೆಯ ಹೆಬ್ಬೆರಳು ಕಳಿಸುತ್ತಾರೆ, ಕಳಿಸದೆ ಏನು ಮಾಡಿಯಾರು, ನಾನು ಸೊಂಟದ ಮೇಲಷ್ಟೇ ಹಿಡಿಯುತ್ತೇನೆ, ಕೈ ಹಾರುತ್ತದೆ, ಜಡೆ ಹಾರುತ್ತದೆ, ಹಿಮ್ಮಡಿ ಪರದೆಯ ಹೊರಗೆ.

ಇನ್ನೊಂದು ಬೆರಳು, ಇನ್ನೊಂದು, ಅವ್ವ ಬಾಗಿಲಿನಿಂದ ಕೈಸನ್ನೆ ಮಾಡುತ್ತಾಳೆ, ಮೆಲ್ಲಕ, ಮೆಲ್ಲಕ — ಇನ್ನೆಷ್ಟು ಮೆಲ್ಲಗೆ, ಹುಡುಗಿಯನ್ನು ಹಪ್ಪಳದ ಹಾಗೆ ಒಣಗಿಸಿ ಡಬ್ಬಿಗೆ ತುಂಬಲೇ, ಫೋನು ಜಾರಿತು, ಇಲ್ಲ, ನಾನೇ ಇಳಿಸಿದೆ, ಫ್ರಾಕಿನ ಅಂಚು, ಮಂಡಿ, ಹಿಮ್ಮಡಿ, ವಿಡಿಯೋದ ಕೆಂಪು ಚುಕ್ಕೆ ಮಿನುಗುತ್ತಲೇ ಇದೆ, ಬಾಯಿ ಬಿಟ್ಟೆ, ಕೆಮ್ಮಲ್ಲ, ಮಾತು, ಅಕ್ಕಾ, ಇಕಿ ಒಂದು ದಿನಾನೂ ಜಿಗಿದಿಲ್ಲ, ನಾವು ಜಿಗಿಲಿಕ್ಕ ಬಿಟ್ಟಿಲ್ಲ — ನನ್ನ ದನಿ ಇಷ್ಟು ದೊಡ್ಡದಿತ್ತೇ, ಅವ್ವನ ಕೈ ಗಾಳಿಯಲ್ಲೇ ನಿಂತಿದೆ, ಮಾಯಾ ನಿಂತಿದ್ದಾಳೆ, ಪರದೆಯ ತುಂಬ ಹಿಮ್ಮಡಿ, ಬಿಳೀ ಹಿಮ್ಮಡಿ, ನೆಲಕ್ಕಂಟಿ —