ನಲವತ್ತೆರಡು ಸಾಲಿನ ಗೋಡೆ

ರಸ್ತೆ ಮುಗಿಯುವಲ್ಲಿ ಬಸ್ಸು ತಿರುಗಿಕೊಳ್ಳುತ್ತದೆ. ಅಲ್ಲಿಂದ ಮರಳಿನಲ್ಲಿ ನೂರು ಹೆಜ್ಜೆ ನಡೆದರೆ ಸೊಸೆ ಹೋಟೆಲು. ಅದರಾಚೆ ಸಮುದ್ರ. ಹೋಟೆಲಿಗೆ ಬೇರೆ ಹೆಸರಿಲ್ಲ. ಮಾವ ತೀರಿಕೊಂಡು ಹದಿನಾಲ್ಕು ವರ್ಷವಾಗಿ, ಅವಳಿಗೇ ಐವತ್ತು ದಾಟಿ, ಅವಳ ಮನೆಗೊಬ್ಬಳು ಸೊಸೆ ಬರುವ ಕಾಲ ಹತ್ತಿರವಾಗಿದ್ದರೂ ಊರಿನ ಬಾಯಲ್ಲಿ ಅವಳು ಸೊಸೆಯಾಗಿಯೇ ಉಳಿದಿದ್ದಳು. ಬೇಯಿಸುವವಳೂ ಅವಳೇ, ಬಡಿಸುವವಳೂ ಅವಳೇ. ಮೂರು ಮೇಜು, ಆರು ಬೆಂಚು. ಅಡುಗೆ ಎರಡು: ಅನ್ನ, ಮೀನು ಸಾರು. ದೋಣಿಗಳು ಬೇಗ ಬಂದ ದಿನ ಹುರಿದ ಮೀನೂ ಇರುತ್ತಿತ್ತು.

ಗೋಡೆಯ ಮೇಲೆ ಮಾತ್ರ ನಲವತ್ತೆರಡು ತಿನಿಸುಗಳ ಹೆಸರಿತ್ತು.

ಬರೆದವರು ಪೇಂಟರು. ಮೂವತ್ತೊಂದು ವರ್ಷದ ಹಿಂದೆ, ಹೋಟೆಲು ತೆರೆಯುವ ಹಿಂದಿನ ದಿನ, ಸೊಸೆಯ ಮಾವ ಅವರನ್ನು ಕರೆದು ಹದಿನಾಲ್ಕು ಅಡಿಯ ಗೋಡೆ ತೋರಿಸಿ, "ಏನೇನು ಸಿಗುತ್ತೆ ಅಂತ ಬರಿ" ಎಂದಿದ್ದ. ಪೇಂಟರು ಐದೇ ನಿಮಿಷದಲ್ಲಿ ಮೂರು ಸಾಲು ಬರೆದು ಏಣಿ ಇಳಿದರು. ಮಾವ ದೂರ ನಿಂತು ನೋಡಿದ. ಅಷ್ಟು ದೊಡ್ಡ ಗೋಡೆಯಲ್ಲಿ ಮೂರು ಸಾಲು ಅವನ ಕಣ್ಣಿಗೆ ಬಡತನದಂತೆ ಕಂಡಿತು.

"ಅಕ್ಷರ ದೊಡ್ಡದು ಮಾಡ್ಲಾ?" ಎಂದು ಪೇಂಟರು ಕೇಳಿದ್ದರು.

"ಬೇಡ, ದೊಡ್ಡಕ್ಷರ ಕಂಡ್ರೆ ಔಷಧಿ ಅಂಗಡಿ ಅನ್ಕೋತಾರೆ. ಸಾಲು ಜಾಸ್ತಿ ಮಾಡು. ಗೋಡೆ ತುಂಬಬೇಕು."

"ಏನಂತ ಬರೀಲಿ?"

"ಬರೆಯೋನು ನೀನೋ ನಾನೋ?"

ಹೀಗೆ ಪೇಂಟರು ಗೋಡೆ ತುಂಬಿಸಿದರು. ಹತ್ತನೆಯ ಸಾಲಿನವರೆಗೆ ಅವರಿಗೆ ತಿಳಿದ ತಿನಿಸುಗಳಿದ್ದವು. ಮುಂದೆ ಅವರದೇ ಸೃಷ್ಟಿ. ಹತ್ತನೆಯದು 'ಕೋಳಿ, ಹುರಿದದ್ದು' ಆಗಿದ್ದರಿಂದ ಹನ್ನೊಂದನೆಯದು 'ಕೋಳಿ, ಹುರಿಯದೇ ಇದ್ದದ್ದು' ಆಯಿತು. ಹದಿನೇಳು 'ಹಡಗಿನ ಸೂಪು'. ಇಪ್ಪತ್ತೊಂಬತ್ತು 'ಎರಡು ಮೀನಿನ ಸ್ನೇಹ'. ಮೂವತ್ತಾರು 'ದೊರೆ ಊಟ'. ಮೂವತ್ತೇಳು 'ಮೇಲಿನದ್ದೇ, ಖಾರ ಕಡಿಮೆ'.

ಕೂಲಿಯ ಮಾತು ಬಂದಾಗ ಮಾವ ಜಾಣತನ ತೋರಿಸಿದ. ಬರಹ ಗೋಡೆಯ ಮೇಲೆ ಇರುವವರೆಗೆ ಪೇಂಟರಿಗೆ ದಿನವೂ ಮಧ್ಯಾಹ್ನದ ಊಟ. ಉಪ್ಪು ಗಾಳಿಗೆ ಆ ಊರಲ್ಲಿ ಯಾವ ಬಣ್ಣವೂ ಮೂರು ವರ್ಷ ನಿಂತದ್ದಿಲ್ಲ ಎಂಬುದು ಅವನ ಲೆಕ್ಕ. ಪೇಂಟರು ಬರೆದದ್ದು ದೋಣಿಯ ತಳಕ್ಕೆ ಬಳಿಯುವ ಎಣ್ಣೆ ಬಣ್ಣದಲ್ಲಿ ಎಂಬುದು ಅವನಿಗೆ ಆರನೆಯ ವರ್ಷ ಹೊಳೆಯಿತು. ಅಷ್ಟು ಹೊತ್ತಿಗೆ ಪೇಂಟರು ಗೋಡೆಯ ಮೂಲೆಯ ಬೆಂಚಿನಲ್ಲಿ ತಮ್ಮದೇ ಒಂದು ಗುಳಿ ಮಾಡಿಕೊಂಡಿದ್ದರು.

ಈಗ ಅವರಿಗೆ ಅರವತ್ತೆಂಟು. ಕೈ ನಡುಗುತ್ತದೆ. ದೋಣಿಗಳ ಮೇಲೆ, ಅಂಗಡಿಗಳ ಮೇಲೆ, ಶಾಲೆಯ ಬಾಗಿಲ ಮೇಲೆ ಅವರು ಬರೆದದ್ದನ್ನೆಲ್ಲ ಗಾಳಿ ತಿಂದು ಮುಗಿಸಿತ್ತು. ಉಳಿದದ್ದು ಈ ಗೋಡೆಯೊಂದೇ. ದಿನವೂ ಹನ್ನೆರಡೂವರೆಗೆ ಅವರು ಬಂದು ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಎದುರಿಗೆ ನಿವೃತ್ತ ಪೋಸ್ಟ್‌ಮಾಸ್ತರರು, ಪಕ್ಕದಲ್ಲಿ ಬಲೆ ಹೆಣೆಯುವವನು. ಗೋಡೆಯನ್ನು ಯಾರೂ ಓದುತ್ತಿರಲಿಲ್ಲ. ಊರಿಗದು ಗಡಿಯಾರವಿಲ್ಲದ ಮೊಳೆಯ ಹಾಗೆ, ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಒಬ್ಬ ಪರವೂರಿನವನು ಓದಿಬಿಟ್ಟ. ಅವನೊಂದು ಪತ್ರಿಕೆಗೆ ಪ್ರವಾಸದ ಅಂಕಣ ಬರೆಯುತ್ತಿದ್ದನಂತೆ. ಒಂದು ಭಾನುವಾರ ಬಸ್ಸಿನ ಕಂಡಕ್ಟರ್ ಪತ್ರಿಕೆಯನ್ನು ಮಡಿಸಿ ತಂದು ಮೇಜಿನ ಮೇಲಿಟ್ಟ. ಪೋಸ್ಟ್‌ಮಾಸ್ತರರು ಕನ್ನಡಕ ಒರೆಸಿಕೊಂಡು ಗಟ್ಟಿಯಾಗಿ ಓದಿದರು: "ರಸ್ತೆಯ ಕೊನೆಯ ಈ ಗುಡಿಸಲಿನಲ್ಲಿ ಬಡವರ ಬೆಲೆಗೆ ನಲವತ್ತೆರಡು ಬಗೆಯ ಅಡುಗೆ ಸಿಗುತ್ತದೆ. ಸಮಯವಿಲ್ಲದ್ದರಿಂದ ನಾನು ಮೀನು ಸಾರು ಮಾತ್ರ ಸವಿದೆ."

"ಸಮಯ ಇದ್ದಿದ್ರೆ?" ಎಂದ ಬಲೆಯವನು.

"ಇನ್ನೊಂದ್ಸಲ ಮೀನು ಸಾರು ಸವೀತಿದ್ದ," ಎಂದರು ಪೋಸ್ಟ್‌ಮಾಸ್ತರರು.

ಎಲ್ಲರೂ ನಕ್ಕರು. ಪೇಂಟರೂ ನಕ್ಕರು. ಸೊಸೆ ಮಾತ್ರ ಸೌಟು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಲ್ಲಿ ನಿಂತು, ಮೂವತ್ತು ವರ್ಷದಲ್ಲಿ ಮೊದಲ ಸಲ, ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು.

ಮುಂದಿನ ಶನಿವಾರ ಹನ್ನೆರಡು ಮುಕ್ಕಾಲರ ಬಸ್ಸಿನಿಂದ ಹತ್ತೊಂಬತ್ತು ಜನ ಪರವೂರಿನವರು ಇಳಿದರು. ಬೆಂಚು ಸಾಲದೆ ಇಬ್ಬರು ಮಗುಚಿಟ್ಟ ಬುಟ್ಟಿಗಳ ಮೇಲೆ ಕೂತರು. ಪೇಂಟರು ಆಗಲೇ ಅನ್ನಕ್ಕೆ ಕೈ ಹಾಕಿದ್ದರು. ಟೋಪಿ ಹಾಕಿದ ಒಬ್ಬರು ಹೆಂಡತಿಯನ್ನೂ ಅತ್ತೆಯನ್ನೂ ಕೂರಿಸಿ, ಎದ್ದು ನಿಂತು, ಗೋಡೆಯತ್ತ ಬೆರಳು ಮಾಡಿ ಪಾಠ ಒಪ್ಪಿಸುವವರಂತೆ ಹೇಳಿದರು.

"ನನಗೆ ಇಪ್ಪತ್ತೊಂಬತ್ತು. ಇವಳಿಗೆ ಮೂವತ್ತಾರು. ನಮ್ಮತ್ತೆಗೆ ಮೂವತ್ತೇಳು, ಅವರಿಗೆ ಖಾರ ಆಗಲ್ಲ."

ಸೊಸೆ ಸೆರಗಿಗೆ ಕೈ ಒರೆಸಿಕೊಂಡಳು. "ಬರೆದವರು ಅಲ್ಲಿ ಕೂತಿದ್ದಾರೆ, ಅವರನ್ನೇ ಕೇಳಿ. ಮಾಮ, ಏಳಿ. ನಿಮ್ಮ ಗಿರಾಕಿಗಳು."

ಪೇಂಟರು ಎದ್ದರು. ಬಲಗೈ ತುಂಬ ಅನ್ನ.

"ದೊರೆ ಊಟದಲ್ಲಿ ಏನೇನಿರುತ್ತೆ?" ಎಂದು ಟೋಪಿಯವರ ಹೆಂಡತಿ ಕೇಳಿದರು.

"ದೊಡ್ಡ ತಟ್ಟೆ ಇರುತ್ತೆ."

"ತಟ್ಟೇಲಿ?"

"ಅನ್ನ, ಮೀನು ಸಾರು."

"ಇಪ್ಪತ್ತೊಂಬತ್ತು?" ಎಂದರು ಟೋಪಿಯವರು.

"ಅದರಲ್ಲಿ ಎರಡು ಮೀನು."

"ಎರಡು ಮೀನು ಎಲ್ಲಿ?"

"ಸಾರಲ್ಲಿ."

ಅತ್ತೆ ಎಂಬ ಮುದುಕಿ ಇಷ್ಟು ಹೊತ್ತು ಗೋಡೆಯನ್ನೇ ನೋಡುತ್ತಿದ್ದವಳು ಬಾಯಿ ಹಾಕಿದಳು. "ಏನಪ್ಪಾ, ಆ ಹನ್ನೊಂದು, ಕೋಳಿ ಹುರಿಯದೇ ಇದ್ದದ್ದು, ಅದಾದ್ರೂ ಇದೆಯಾ?"

"ಇದೆಯಮ್ಮ, ಹೊರಗೆ ಓಡಾಡ್ತಾ ಇದೆ," ಎಂದರು ಪೋಸ್ಟ್‌ಮಾಸ್ತರರು.

ಮುದುಕಿ ನಗಲಾರಂಭಿಸಿದವಳು ನಿಲ್ಲಿಸಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕು, ಮೀನು ಸಾರು ತರಿಸಿಕೊಂಡು, ಖಾರ ಆಗದವಳು ಮೂರು ಸಲ ಬಡಿಸಿಕೊಂಡಳು. ಉಳಿದವರೂ ಉಂಡರು, ಚೆನ್ನಾಗಿದೆ ಎಂದರು. ಟೋಪಿಯವರೊಬ್ಬರು ಮಾತ್ರ ಕೈ ತೊಳೆದು ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದರು: "ಊಟದ ಬಗ್ಗೆ ಮಾತಿಲ್ಲ ತಾಯಿ. ಆದ್ರೆ ಗೋಡೆ ಮೇಲೆ ಇಷ್ಟುದ್ದ ಸುಳ್ಳು ಬರೆಸಿಕೊಂಡು ಕೂರಬಾರದು."

ಬಸ್ಸು ಹೋದ ಮೇಲೆ ಸೊಸೆ ಪೇಂಟರ ಮುಂದೆ ಬಂದು ಕೂತಳು. ಅವಳು ಹಾಗೆ ಕೂರುವುದು ಅಪರೂಪ.

"ಮಾಮ, ನಿನ್ನೆ ಮೀನನ್ನ ಇವತ್ತು ಬಡಿಸಿದವಳಲ್ಲ ನಾನು. ಹೌದಾ?"

"ಹೌದು ಮಗಳೇ."

"ಈ ಗೋಡೆ ಮೂವತ್ತು ವರ್ಷದ ಹಿಂದಿನದ್ದನ್ನ ದಿನಾ ಬಡಿಸ್ತಿದೆ. ಮಂಗಳವಾರ ರಜಾ ಮಾಡ್ತೀನಿ. ಅಳಿಸಿಬಿಡೋಣ. ಊರಲ್ಲಿ ಇರೋ ಪೇಂಟರು ನೀವೊಬ್ಬರೇ. ನೀವೇ ಬಳೀಬೇಕು."

ಪೇಂಟರು ತಟ್ಟೆ ಸರಿಸಿದರು. "ಏನು ಬಳೀಲಿ?"

"ಸುಣ್ಣ."

ಪೇಂಟರು ಅವಳ ಮುಖ ನೋಡಿದರು. ಎಣ್ಣೆ ಬಣ್ಣದ ಮೇಲೆ ಸುಣ್ಣ ನಿಲ್ಲುವುದಿಲ್ಲ. ಹಸಿ ಇರುವಾಗ ಮುಚ್ಚಿದಂತೆ ಕಾಣುತ್ತದೆ, ಒಣಗಿದ ಮೇಲೆ ಹಕ್ಕಳೆ ಎದ್ದು ಉದುರುತ್ತದೆ. ಮೊದಲು ಕಲ್ಲಿನಿಂದ ಗೋಡೆ ಉಜ್ಜಿ ಬಣ್ಣ ಕೆರೆಯಬೇಕು. ಇದು ಈ ಕಸುಬಿಗೆ ಇಳಿದವನು ಮೊದಲ ವಾರ ಕಲಿಯುವ ಪಾಠ.

"ಸುಣ್ಣವೇ ಸಾಕಾ?" ಎಂದರು.

"ಸುಣ್ಣವೇ ಸಾಕು."

ಪೇಂಟರು ಕೈ ತೊಳೆಯಲು ಎದ್ದರು.

ಮಂಗಳವಾರ ಅವರು ಏಣಿ ಏರಿದರು. ಕಲ್ಲಿನಿಂದ ಉಜ್ಜಲಿಲ್ಲ. ಸುಣ್ಣಕ್ಕೆ ಅಂಟು ಸೇರಿಸಲಿಲ್ಲ. ಮನಸ್ಸು ಒಂದೇ ಸಮನೆ ಕುಟುಕುತ್ತಿತ್ತು: ಬೇರೆ ಯಾರಾದರೂ ಹೀಗೆ ಬಳಿದಿದ್ದರೆ ಅವನ ಕೈಯಿಂದ ಕುಂಚ ಕಿತ್ತುಕೊಂಡು ಮನೆಗೆ ಕಳಿಸುತ್ತಿದ್ದರು. ಸಂಜೆಯ ಹೊತ್ತಿಗೆ ನಲವತ್ತೆರಡು ಸಾಲೂ ಬಿಳಿಯಡಿ ಮಲಗಿದವು. ಸೊಸೆ ಬಂದು ನೋಡಿ, "ನೀಟಾಗಿದೆ" ಎಂದಳು.

ಬುಧವಾರ ಹನ್ನೆರಡೂವರೆಗೆ ಮೂಲೆಯ ಗುಳಿ ಖಾಲಿ ಇತ್ತು.

ಬಲೆಯವನು ಹುಡುಕಿಕೊಂಡು ಹೋದಾಗ ಪೇಂಟರು ತಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಒಣ ಬ್ರೆಡ್ಡನ್ನು ನೀರಿನಲ್ಲಿ ಅದ್ದುತ್ತಿದ್ದರು.

"ಊಟಕ್ಕೆ ಬರಲ್ವಾ?"

"ಗೋಡೆ ಮೇಲೆ ಅಕ್ಷರ ಇಲ್ಲ."

"ಅದಕ್ಕೆ?"

"ಮಾತು ಅಂದ್ರೆ ಮಾತು. ಅಕ್ಷರ ಇರೋವರೆಗೂ ಊಟ. ಅವಳ ಮಾವ ಸತ್ತ ಅಂತ ಮಾತು ಸಾಯುತ್ತಾ?"

"ನೀವೇ ಅಳಿಸಿ ನೀವೇ ಮುನಿಸಿಕೊಂಡ್ರೆ ನಾನು ಯಾರಿಗೆ ಸಮಾಧಾನ ಹೇಳ್ಲಿ?"

ಗುರುವಾರ ಸೊಸೆಯೇ ಹೇಳಿ ಕಳಿಸಿದಳು. ಪೇಂಟರು ಹೋಗಲಿಲ್ಲ. ಪುಕ್ಕಟೆ ಊಟಕ್ಕೆ ಅವರು ಎಂದೂ ಹೋದವರಲ್ಲ. ಮೂವತ್ತೊಂದು ವರ್ಷ ಉಂಡದ್ದು ದುಡಿದದ್ದಕ್ಕೆ. ನಿಜ ಹೇಳಬೇಕೆಂದರೆ ಅವರು ಕಾಯುತ್ತಿದ್ದರು. ಸುಣ್ಣ ಉದುರಲು ಅವರ ಅಂದಾಜಿನಲ್ಲಿ ನಾಲ್ಕು ದಿನ ಬೇಕಿತ್ತು. ದಿನಕ್ಕೆ ಹತ್ತು ಸಲ ಗಾಳಿಯ ದಿಕ್ಕು ನೋಡಿದರು. ಬ್ರೆಡ್ಡು ಶುಕ್ರವಾರಕ್ಕೆ ಮುಗಿಯಿತು. ಸುಣ್ಣದ ಬಗ್ಗೆ ತಮಗೆ ಗೊತ್ತಿದ್ದದ್ದು ತಪ್ಪಿರಬಹುದೇ ಎಂಬ ಭಯ ಆಗ ಮೊದಲಾಯಿತು.

ಶನಿವಾರ ಹನ್ನೆರಡು ಮುಕ್ಕಾಲರ ಬಸ್ಸಿನಿಂದ ಎಂಟು ಜನ ಪರವೂರಿನವರು ಇಳಿದು, ಬಿಳಿ ಗೋಡೆ ಕಂಡು, "ಇದಲ್ಲ, ಬೇರೆ ಹೋಟೆಲಿರಬೇಕು" ಎಂದು ಅದೇ ಬಸ್ಸಿನಲ್ಲಿ ಮರಳಿದರು. ಅದೇ ಮಧ್ಯಾಹ್ನ ಪೋಸ್ಟ್‌ಮಾಸ್ತರರು ಎರಡನೆಯ ಸಲ ಸಾರು ಹಾಕಿಸಿಕೊಳ್ಳುವಾಗ ಅಂಗೈಯಗಲದ ಸುಣ್ಣದ ಹಕ್ಕಳೆಯೊಂದು ಕಳಚಿ ಅವರ ತಟ್ಟೆಗೆ ಬಿತ್ತು. ಅವರು ತಲೆಯೆತ್ತಿದರು. ಗೋಡೆಯಿಂದ 'ಹಡಗಿನ ಸೂಪು' ಇಣುಕುತ್ತಿತ್ತು.

"ಹದಿನೇಳು ರೆಡಿ," ಎಂದು ಕೂಗಿದರು.

ಸುದ್ದಿ ತಂದವನು ಬಲೆಯವನು. ಪೇಂಟರು ಚಪ್ಪಲಿ ಹಾಕಿಕೊಳ್ಳದೆ ಬಂದರು. ಅವರು ಬರುವಷ್ಟರಲ್ಲಿ ದೊರೆ ಊಟವೂ ಅರ್ಧ ಹೊರಬಂದಿತ್ತು. ಸೊಸೆ ಪೊರಕೆ ಹಿಡಿದು ನಿಂತಿದ್ದಳು. ಪೇಂಟರು ತಮ್ಮ ಜಾಗದಲ್ಲಿ ಕೂತರು. ಅವಳು ತಟ್ಟೆ ತಂದಿಟ್ಟಳು. ಅನ್ನದ ಮೇಲೆ ಆವಿ ಏಳುತ್ತಿತ್ತು. ಹಸಿದ ಮನುಷ್ಯ, ಆದರೂ ಕೈ ಹಾಕಲಿಲ್ಲ.

"ಮಗಳೇ, ಒಂದು ಹೇಳಬೇಕು. ಎಣ್ಣೆ ಬಣ್ಣದ ಮೇಲೆ ಸುಣ್ಣ ನಿಲ್ಲಲ್ಲ. ನನಗೆ ಗೊತ್ತಿತ್ತು."

"ಗೊತ್ತಿಲ್ಲದೆ ಇರುತ್ತಾ, ಪೇಂಟರಲ್ವಾ ನೀವು?"

"ಗೊತ್ತಿದ್ದೂ ಹೇಳಲಿಲ್ಲ."

"ನಾನೂ ಹೇಳಲಿಲ್ಲ," ಎಂದಳು ಸೊಸೆ. "ನಮ್ಮಪ್ಪ ಏನು ಕೆಲಸ ಮಾಡ್ತಿದ್ದ ಹೇಳಿ?"

ಪೇಂಟರು ಯೋಚಿಸಿದರು. ಅವಳ ತವರು ದಂಡೆಯುದ್ದಕ್ಕೂ ಹೋದರೆ ಆಚೆಯ ಊರು. ಅಲ್ಲಿ ಚಿಪ್ಪು ಸುಡುವ ಭಟ್ಟಿಯಿತ್ತು. ಅವಳಪ್ಪ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದ. ಮದುವೆಯ ಓಲೆಯ ಮೇಲೆ ವಿಳಾಸ ಬರೆದುಕೊಟ್ಟವರೂ ಪೇಂಟರೇ.

"ಹತ್ತು ವರ್ಷಕ್ಕೇ ನಾನು ಸುಣ್ಣ ಕಲಸಿದವಳು. ಯಾವುದಕ್ಕೆ ನಿಲ್ಲುತ್ತೆ, ಯಾವುದಕ್ಕೆ ಉದುರುತ್ತೆ ನನಗೆ ಗೊತ್ತಿಲ್ವಾ? ಪೇಪರ್ ಓದಿದೋರೆಲ್ಲ ಒಂದೆರಡು ವಾರ ಬಂದು, ನೋಡಿ, ವಾಪಸ್ ಹೋಗ್ಲಿ ಅಂತ ಬಳಿಸಿದೆ. ಆಮೇಲೆ ಉದುರಿಕೊಳ್ಳುತ್ತೆ, ನಮ್ಮ ಪಾಡಿಗೆ ನಾವಿರೋಣ ಅಂತ. ನೀವು ಊಟ ಬಿಟ್ಟು ಕೂರ್ತೀರ ಅಂತ ಮಾತ್ರ ಅಂದುಕೊಂಡಿರಲಿಲ್ಲ. ಅಷ್ಟು ಬುದ್ಧಿ ಇದೆ ಅಂತ ತಿಳ್ಕೊಂಡಿದ್ದೆ."

"ನಾಲ್ಕೇ ದಿನಕ್ಕೆ ಉದುರಿತಲ್ಲ. ನೀನು ಎರಡು ವಾರ ಅಂದುಕೊಂಡಿದ್ದೆಯಾ?"

"ಅಂಟು ಹಾಕಿರ್ತೀರ ಅಂದುಕೊಂಡಿದ್ದೆ," ಎಂದಳು ಸೊಸೆ.

ಪೋಸ್ಟ್‌ಮಾಸ್ತರರು ಕೆಮ್ಮಿದರು. ಪೇಂಟರು ತಟ್ಟೆಯ ಮೇಲೆ ಬಗ್ಗಿ ತಿನ್ನತೊಡಗಿದರು. ಮೂರು ಸಲ ಬಡಿಸಿದ ಮೇಲೆ ಸೊಸೆ ಷರತ್ತು ಹೇಳಿದಳು. ಗೋಡೆ ಇರಲಿ, ಊಟವೂ ಇರಲಿ. ಆದರೆ ಇನ್ನೊಂದು ಸಾಲು ಬರೆಯಬೇಕು, ನಲವತ್ತಮೂರನೆಯದು: 'ಮೇಲಿನದ್ದು ಯಾವುದೂ ಇಲ್ಲ. ಅನ್ನ, ಮೀನು ಸಾರು ಇದೆ.'

ಪೇಂಟರು ಆ ಸಂಜೆಯೇ ದೋಣಿ ಬಣ್ಣ ತಂದರು. ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಎರಡು ಗಂಟೆ ತೆಗೆದುಕೊಂಡು, ಒಂದಕ್ಷರವೂ ಓರೆಯಾಗದಂತೆ ಬರೆದರು. ನಲವತ್ತೆರಡು ಸಾಲು ತುಂಬಿದ ಗೋಡೆಯಲ್ಲಿ ಖಾಲಿ ಉಳಿದದ್ದು ಒಂದೇ ಕಡೆ, ಮೂಲೆಯ ಬೆಂಚಿನ ಹಿಂದೆ, ಕೂತವರ ಬೆನ್ನಿನ ಮಟ್ಟದಲ್ಲಿ. ಬೇರೆ ಜಾಗವೇ ಇರಲಿಲ್ಲ ಎಂಬುದನ್ನು ಪೋಸ್ಟ್‌ಮಾಸ್ತರರು ಅಡಿಪಟ್ಟಿ ಹಿಡಿದು ಖಚಿತಪಡಿಸಿದರು.

ಆ ಸಾಲು ಇಂದಿಗೂ ಇದೆ. ಬೆಳಿಗ್ಗೆ ಓದಬಹುದು, ಸಂಜೆ ಓದಬಹುದು. ಹನ್ನೆರಡೂವರೆಯಿಂದ ಒಂದೂಕಾಲರವರೆಗೆ ಓದಲಾಗುವುದಿಲ್ಲ. ಪರವೂರಿನವರನ್ನು ತರುವ ಬಸ್ಸು ಬರುವುದು ಹನ್ನೆರಡು ಮುಕ್ಕಾಲಿಗೆ. ಈಗಲೂ ಎಲ್ಲೋ ಹಳೆಯ ಪತ್ರಿಕೆ ಓದಿದವರೊಬ್ಬರು ಬಂದು ಕೂತು, ಗೋಡೆ ನೋಡಿ, ಇಪ್ಪತ್ತೊಂಬತ್ತು ಕೊಡಿ ಎನ್ನುತ್ತಾರೆ. ಅಡುಗೆಮನೆಯಿಂದ ಸೊಸೆಯ ಧ್ವನಿ ಬರುತ್ತದೆ.

"ಮಾಮ, ಸ್ವಲ್ಪ ಬಗ್ಗಿ."