ಎಡಕ್ಕೆ ಎಳೆಯುವ ಮೋಟಾರು

ಟಿಕೋಟಾದ ಶಿವಶರಣಪ್ಪ ಹತ್ತಿ ವ್ಯಾಪಾರಿ. ಎರಡನೆಯ ಜಾಗತಿಕ ಲಢಾಯಿ ಮುಗಿದ ಮರುವರ್ಷ ಆತ ವಿಜಾಪುರದಲ್ಲಿ ಒಂದು ಹಳೆಯ ಮೋಟಾರು ಕೊಂಡ. ಕೆಲವು ತಿಂಗಳಲ್ಲಿ ಅದಕ್ಕೊಂದು ಚಾಳಿ ಶುರುವಾಯಿತು. ಬ್ರೇಕು ತುಳಿದರೆ ಎಡಕ್ಕೆ ಎಳೆಯುತ್ತಿತ್ತು. "ರಸ್ತಾನಽ ಆ ಕಡೆ ಇಳಿಜಾರ ಐತಿ" ಎಂದು ಶಿವಶರಣಪ್ಪ ಸ್ಟೇರಿಂಗನ್ನು ಬಲಕ್ಕೆ ಜಗ್ಗಿ ಸುಮ್ಮನಾಗುತ್ತಿದ್ದ.

ಒಂದು ದಿನ ಬಬಲೇಶ್ವರದ ಸಂತೆಯಲ್ಲಿ ಎದುರಿಗೆ ಎಮ್ಮೆ ಬಂತು. ಬ್ರೇಕು ತುಳಿದ. ಮೋಟಾರು ಎಡಕ್ಕೆ ಹೊರಳಿ ಒಣಮೆಣಸಿನಕಾಯಿ ರಾಶಿಗೆ ನುಗ್ಗಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಅರ್ಧ ಸಂತೆ ಸೀನಿತು, ಎಮ್ಮೆಯೂ ಸೀನಿತು.

ಆ ವಾರವೇ ಮಗಳು ಗುರುಬಾಯಿ ಮೂರು ತಿಂಗಳ ಕೂಸಿನೊಂದಿಗೆ ಬಬಲೇಶ್ವರದ ಗಂಡನ ಮನೆಗೆ ಹೊರಡುವವಳಿದ್ದಳು.

"ಕೂಸಿನ್ನ ಆ ಮೋಟಾರದಾಗ ಕೂಡಸಂಗಿಲ್ಲ. ಚಕ್ಕಡಿ ಹೂಡ್ರಿ" ಎಂದಳು ಹೆಂಡತಿ ಲಕ್ಕವ್ವ.

ಮೋಟಾರಿನಲ್ಲೇ ಬರುತ್ತೇವೆಂದು ಬೀಗರಿಗೆ ಹೇಳಿ ಕಳಿಸಿದ್ದ ಶಿವಶರಣಪ್ಪನಿಗೆ ಮುಖ ಚಿಕ್ಕದಾಯಿತು. ಒಲ್ಲದ ಮನಸ್ಸಿನಿಂದ ನೆರೆಮನೆಯ ಮಶಾಕಸಾಬನನ್ನು ಕರೆದ. ಆತ ವಿಜಾಪುರದಲ್ಲಿ ಹತ್ತು ವರ್ಷ ಮೋಟಾರು ರಿಪೇರಿ ಮಾಡಿದವನು.

ಮಶಾಕಸಾಬ ಘೋಣಸಗಿ ದಾರಿಯಲ್ಲಿ ಮೆಲ್ಲಗೆ ಓಡಿಸಿ ಏಳೆಂಟು ಸಲ ಬ್ರೇಕು ಹಾಕಿದ. ಮನೆ ಮುಂದೆ ನಿಂತ ಮೇಲೆ, "ಸಾವಕಾರ್ರ, ಮುಂದಿನ ಗಾಲಿ ಹತ್ರ ಕೈ ಹಿಡದು ನೋಡ್ರಿ. ಮುಟ್ಟಬ್ಯಾಡ್ರಿ, ಸುಟ್ಟೀತು" ಎಂದ.

ಎಡಗಾಲಿಯ ನಡುಭಾಗ ಕಾದ ಹಂಚಿನಂತಿತ್ತು. ಬಲಗಾಲಿ ತಣ್ಣಗಿತ್ತು.

"ಎಡದ ಬ್ರೇಕಿನಂವ ಒಬ್ಬನಽ ದುಡ್ಯಾಕತ್ತಾನ, ಬಲದಂವ ಮಲಗ್ಯಾನ. ದುಡಿಯಾಂವನ ಕಡೆ ಗಾಡಿ ಎಳಿತೈತಿ" ಎಂದ ಮಶಾಕಸಾಬ.

"ಬಿಸಿಲಿಗೆ ಕಾದಿರಬೇಕು" ಎಂದ ಶಿವಶರಣಪ್ಪ.

"ಬಿಸಿಲು ಒಂದಽ ಗಾಲಿಗೆ ಬೀಳತೈತೇನ್ರಿ?" ಲಕ್ಕವ್ವ ನಕ್ಕಳು.

ಮಶಾಕಸಾಬ ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕು ಹಾಕಿ ಮುಂಭಾಗ ಎತ್ತಿದ. ಶಿವಶರಣಪ್ಪ ಒಳಗೆ ಕೂತು ಬ್ರೇಕು ಒತ್ತಿ ಹಿಡಿದ.

"ಅಕ್ಕಾರ, ಈಗ ಗಾಲಿ ತಿರುವ್ರಿ."

ಲಕ್ಕವ್ವ ಸೆರಗು ಬಿಗಿದು ಕೈ ಹಾಕಿದಳು. ಎಡಗಾಲಿ ಅಲುಗಲಿಲ್ಲ. ಬಲಗಾಲಿ ಬೀಸುವ ಕಲ್ಲಿನಂತೆ ತಿರುಗಿತು.

"ಇದರಾಗ ಒಂದ ಸೇರು ಜ್ವಾಳಾ ಬೀಸಬಹುದು ನೋಡ್ರಿ" ಎಂದಳು. ಶಿವಶರಣಪ್ಪನಿಗೂ ನಗು ತಡೆಯಲಾಗಲಿಲ್ಲ.

ಬಲಗಾಲಿ ಬಿಚ್ಚಿದರೆ ಒಳಗಿನ ಬ್ರೇಕಿನ ಪಟ್ಟಿ ಗ್ರೀಸಿನಲ್ಲಿ ಮಿಂದಿತ್ತು.

"ಇಷ್ಟು ಯಾರು ತುಂಬ್ಯಾರ?"

ಶಿವಶರಣಪ್ಪ ತಲೆ ಕೆರೆದುಕೊಂಡ. "ನಾನಽ ತುಂಬೀನಿ ಮಾರಾಯಾ. ಈ ಗಾಲಿ ಬಿಗಿ ಅನಸ್ತು; ಚಕ್ಕಡಿಗೆ ಕೀಲೆಣ್ಣಿ ಬಳದಂಗ, ಹಗುರ ಓಡ್ಲಿ ಅಂತ. ಚಿಮಣಿ ಎಣ್ಣ್ಯಾಗ ಒರಸಿ ಹಾಕಿಬಿಡು."

"ಆಗಂಗಿಲ್ರಿ. ಪಟ್ಟಿ ಕುಡದುಬಿಟ್ಟೈತಿ, ಕಾದ್ರ ಮತ್ತ ಬೆವರತೈತಿ. ಎರಡೂ ಗಾಲಿಗೆ ಹೊಸಾ ಪಟ್ಟಿ ಹಾಕೂಣು. ಒಂದಕ್ಕಽ ಹಾಕಿದ್ರ ಮತ್ತ ಒಂದ ಕಡೆ ಎಳಿತೈತಿ."

ವಿಜಾಪುರದಿಂದ ಪಟ್ಟಿ ಬರಲು ಎರಡು ದಿನ ಹಿಡಿಯಿತು. ಹೆಚ್ಚಾದ ಗ್ರೀಸು ತೆಗೆದು ಅದನ್ನು ಹಾಕಿದ ಮೇಲೆ ಊರ ಹೊರಗಿನ ಬಯಲಲ್ಲಿ ಮೊದಲು ನಿಧಾನ, ಆಮೇಲೆ ಜೋರಾಗಿ ಓಡಿಸಿ ಬ್ರೇಕು ಹಾಕಿದರು. ಮೋಟಾರು ನೆಟ್ಟಗೆ ನಿಂತಿತು. ಹೊರಡುವ ದಿನ ಲಕ್ಕವ್ವ ಕೂಸನ್ನು ಎತ್ತಿಕೊಂಡು ಎಲ್ಲರಿಗಿಂತ ಮೊದಲು ಹತ್ತಿದಳು.

ದಾರಿಯಲ್ಲಿ ಕುರಿಹಿಂಡು ಅಡ್ಡ ಬಂತು. ಶಿವಶರಣಪ್ಪ ಬ್ರೇಕು ತುಳಿದ. ಕುರಿಗಳು ಆರಾಮಾಗಿ ದಾಟಿದವು. ಕೂಸಿಗೆ ಎಚ್ಚರವೂ ಆಗಲಿಲ್ಲ.

ಮೋಟಾರು ಓಡಿಸುವವರೇ, ಬ್ರೇಕು ಹಾಕಿದಾಗ ನಿಮ್ಮ ಹಳೆಯ ಗಾಡಿ ಒಂದು ಕಡೆ ಎಳೆಯುತ್ತದೆಯೇ? ಗಟ್ಟಿಯಾಗಿ ತುಳಿದರೂ ತಡವಾಗಿ ನಿಲ್ಲುತ್ತದೆಯೇ? ಬಲ್ಲವರನ್ನು ಕರೆದು ಗಾಲಿ ಬಿಚ್ಚಿಸಿ ನೋಡಿ. ಎಡಬಲ ಎರಡನ್ನೂ ಒಟ್ಟಿಗೆ ಸರಿಮಾಡಿಸಿ. ನಿಮ್ಮ ಮನೆಯವರನ್ನು ಕೂರಿಸಿಕೊಳ್ಳುವುದು ಅದಾದ ಮೇಲೆ.